ಕಾರವಾರದಿಂದ ಕಿಲಿಫಿಗೆ: ಕೂಲಿಯಿಲ್ಲದ ಕೆಲಸಕ್ಕೆ ಬೇಕಾದ ಕಾಗದ, ಕಾಸು, ತಾಳ್ಮೆ

ಕೆನ್ಯಾದ ಕಿಲಿಫಿ ಕೌಂಟಿಯ ಒಂದು ಹಳ್ಳಿಯಲ್ಲಿ ಶಾಲೆಯ ಕೊಠಡಿ ಮತ್ತು ಮಳೆನೀರಿನ ಟ್ಯಾಂಕ್ ಕಟ್ಟುವ ಕೆಲಸಕ್ಕೆ ಸ್ವಯಂಸೇವಕಿಯಾಗಿ ಹೋಗಿದ್ದೆ. ಏಪ್ರಿಲ್ ಮೊದಲ ವಾರ ಅಂಕೋಲಾಕ್ಕೆ ಮರಳಿದ್ದೇನೆ. ಬಂದಂದಿನಿಂದ ಪರಿಚಯದವರು, ಪರಿಚಯವಿಲ್ಲದವರು ಕೇಳುತ್ತಲೇ ಇದ್ದಾರೆ: ವೀಸಾ ಹೇಗೆ ಸಿಕ್ಕಿತು, ಎಷ್ಟು ಖರ್ಚಾಯಿತು, ಹೆಣ್ಣುಮಗಳು ಒಬ್ಬಳೇ ಹೋಗಬಹುದೇ, ಯಾವ ಲಸಿಕೆ ಹಾಕಿಸಿಕೊಳ್ಳಬೇಕು? ನಾನು ಹೊರಡುವಾಗ ಇದನ್ನೆಲ್ಲ ಕೂತು ಹೇಳುವವರು ಸಿಕ್ಕಿರಲಿಲ್ಲ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಾನು ಕಾರವಾರದ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಓದಿದವಳು. ಅಪ್ಪ ಚಿರೆಕಲ್ಲಿನ ಗೋಡೆ ಕಟ್ಟುವ ಗೌಂಡಿ. ಕಾರವಾರದ ಗುತ್ತಿಗೆದಾರರೊಬ್ಬರ ಬಳಿ ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ಶಿರಸಿ ಕಡೆ ಒಂದು ಮನೆಗೆ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಯನ್ನು ಬಳಸಿದಾಗ ಆ ಕೆಲಸ ಕೈಗೆ ಹತ್ತಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1970ರ ದಶಕದಿಂದ ಬೆಳೆಸಿಕೊಂಡು ಬಂದ ವಿದ್ಯೆ ಇದು. ಸುಡುವ ಸೌದೆ ಬೇಡ, ದೂರದಿಂದ ಕಲ್ಲು ತರಿಸುವುದು ಬೇಡ. ಮೊಂಬಾಸಾದಲ್ಲಿ ಉದ್ಯೋಗದಲ್ಲಿರುವ ನಮ್ಮ ಕಾಲೇಜಿನ ಹಿರಿಯರೊಬ್ಬರಿಗೆ ಇದು ಗೊತ್ತಿತ್ತು. "ಇಲ್ಲೊಂದು ಹಳ್ಳಿಯ ಪೋಷಕರ ಸಮಿತಿ ಇಟ್ಟಿಗೆ ಒತ್ತುವ ಯಂತ್ರ ಇಟ್ಟುಕೊಂಡು ಕುಳಿತಿದೆ. ನಡೆಸಿ ತೋರಿಸುವವರಿಲ್ಲ. ನೀನು ಬರುತ್ತೀಯಾ ತಂಗಿ?" ಎಂದು ಫೋನಿನಲ್ಲಿ ಕೇಳಿದರು.

ಆ ಮಾತಿಗೂ ಮುಂಚೆ ಒಂದು ಏಜೆನ್ಸಿಯ ಜೊತೆ ಮಾತಾಡಿದ್ದೆ. ಆಫ್ರಿಕಾದಲ್ಲಿ ಶಾಲೆ ಕಟ್ಟುವ ಅವಕಾಶ, ಕೊನೆಗೆ ಪ್ರಮಾಣಪತ್ರ, ವಿಮಾನದ ಖರ್ಚು ಬಿಟ್ಟು ಲಕ್ಷಕ್ಕಿಂತ ಹೆಚ್ಚು ಶುಲ್ಕ. ನಾನು ಬಾರದಿದ್ದರೆ ಆ ಗೋಡೆಯನ್ನು ಯಾರು ಕಟ್ಟುತ್ತಾರೆ, ಊರಿನ ಗೌಂಡಿಗಳಿಗೆ ಕೂಲಿ ಸಿಗುತ್ತದೆಯೇ, ಕಟ್ಟಿದ ಮೇಲೆ ಕಟ್ಟಡ ಯಾರ ಹೆಸರಿನಲ್ಲಿ ಇರುತ್ತದೆ ಎಂದು ಕೇಳಿದೆ. ಉತ್ತರದ ಬದಲು ನಗುವ ಮಕ್ಕಳ ಚಿತ್ರಗಳಿರುವ ಪುಸ್ತಿಕೆ ಬಂತು. ಅಲ್ಲಿಗೇ ಬಿಟ್ಟೆ. ಹೋಗಬೇಕೆಂದಿರುವವರು ದುಡ್ಡು ಕಟ್ಟುವ ಮೊದಲು ಈ ಪ್ರಶ್ನೆಗಳನ್ನು ಕೇಳಲೇಬೇಕು. ಕಟ್ಟುವ ಕೈಗಳು ಆ ನಾಡಿನಲ್ಲಿ ಬೇಕಾದಷ್ಟಿವೆ. ಅವರ ಕೂಲಿ ತಪ್ಪಿಸಿ ನಾವು ಕಲ್ಲು ಹೊತ್ತರೆ ಅದು ಸೇವೆಯಾಗುವುದಿಲ್ಲ. ನಾನು ಒಪ್ಪಿಕೊಂಡದ್ದು ಹಳ್ಳಿಯವರೇ ಕೇಳಿದ್ದರಿಂದ, ಮತ್ತು ಗೋಡೆ ಏಳಿಸುವುದು ಅಲ್ಲಿನ ಗೌಂಡಿಗಳೇ ಎಂಬುದು ಖಾತ್ರಿಯಾದದ್ದರಿಂದ.

ಕಾಗದದ ಕೆಲಸ ಶುರುವಾದದ್ದು 2024ರ ಮಳೆಗಾಲದಲ್ಲಿ. ಜುಲೈ ಮಧ್ಯದಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು, ಗಂಗಾವಳಿಯಲ್ಲಿ ಜನರ ಹುಡುಕಾಟ ನಡೆಯುತ್ತಿತ್ತು. ಆಗಸ್ಟ್ ಮೊದಲ ವಾರ ಕಾಳಿ ನದಿಯ ಹಳೆಯ ಸೇತುವೆ ಮಧ್ಯರಾತ್ರಿ ಕುಸಿಯಿತು. ಇಂಥ ಹೊತ್ತಿನಲ್ಲಿ "ನಮ್ಮ ಊರಲ್ಲೇ ಇಷ್ಟು ಕೆಲಸ ಇರುವಾಗ ಕೆನ್ಯಾಕ್ಕೆ ಹೋಗುತ್ತೀಯಾ?" ಎಂದು ಚಿಕ್ಕಪ್ಪ ಕೇಳಿದಾಗ ಎದೆಗೆ ತಾಗಿತು. ಪ್ರಶ್ನೆ ನ್ಯಾಯವಾದದ್ದೇ. ಆ ಮಳೆಗಾಲವಿಡೀ ಊರಿನಲ್ಲಿ ಕೈಲಾದದ್ದು ಮಾಡಿದೆವು, ಮನೆ ಬಿಟ್ಟು ಬಂದವರಿಗೆ ಅಕ್ಕಿ, ಚಾಪೆ, ಬಟ್ಟೆ ಹೊಂದಿಸಿದೆವು. ಆದರೆ ಇಲ್ಲಿ ನನ್ನಂಥ ಮೇಲ್ವಿಚಾರಕಿ ಇಲ್ಲದೆ ಯಾವ ಕೆಲಸವೂ ನಿಲ್ಲುವುದಿಲ್ಲ. ಅಲ್ಲಿ ಯಂತ್ರ ನಿಂತೇಬಿಟ್ಟಿತ್ತು. ಚಿಕ್ಕಪ್ಪನಿಗೆ ನಾನು ಕೊಟ್ಟ ಉತ್ತರ ಇಷ್ಟೇ, ಇಂದಿಗೂ ಅದನ್ನೇ ಹೇಳುತ್ತೇನೆ.

ಪಾಸ್‌ಪೋರ್ಟ್‌ಗೆ ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ ಹೋದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಶುಲ್ಕ ₹1,500, ತತ್ಕಾಲ್ ಆದರೆ ಇನ್ನೂ ₹2,000 ಸೇರುತ್ತದೆ. ನನಗೆ ಅವಸರವಿರಲಿಲ್ಲವಾದ್ದರಿಂದ ಸಾಮಾನ್ಯದಲ್ಲೇ ಹಾಕಿದೆ. ತೊಡಕು ಬಂದದ್ದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಮತದಾರರ ಚೀಟಿಯಲ್ಲಿ ಮನೆತನದ ಹೆಸರು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಮೊದಲು ಆಧಾರ್ ಸರಿಪಡಿಸಿಕೊಂಡು ಬನ್ನಿ ಎಂದು ಕೌಂಟರಿನಲ್ಲಿದ್ದ ಹೆಣ್ಣುಮಗಳು ಸಮಾಧಾನವಾಗಿ ತಿಳಿಸಿ ಹೇಳಿದರು. ಅರಬೈಲ್ ಘಟ್ಟದ ಮಳೆಯಲ್ಲಿ ಬಸ್ಸು ತೆವಳುತ್ತಾ ಇಳಿದು ಮನೆ ಸೇರುವಾಗ ರಾತ್ರಿಯಾಗಿತ್ತು. ನಮ್ಮ ಜಿಲ್ಲೆಯವರು ಹೊರಡುವ ಮೊದಲೇ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಒಟ್ಟಿಗೆ ಹರಡಿ, ಹೆಸರಿನ ಪ್ರತಿ ಅಕ್ಷರವನ್ನೂ ಹೋಲಿಸಿ ನೋಡಿ. ಹತ್ತನೇ ತರಗತಿ ಪಾಸಾದ ಅಂಕಪಟ್ಟಿಯನ್ನೂ ಇಟ್ಟುಕೊಳ್ಳಿ. ಅದು ಇದ್ದರೆ ವಲಸೆ ಪರಿಶೀಲನೆಯ ಮುದ್ರೆ ಪಾಸ್‌ಪೋರ್ಟ್‌ಗೆ ಬೀಳುವುದಿಲ್ಲ.

ಪೊಲೀಸ್ ಪರಿಶೀಲನೆಗೆ ಠಾಣೆಯಿಂದ ಬಂದವರು ನೆರೆಮನೆಯಲ್ಲಿ ವಿಚಾರಿಸಿದರು, ಸಹಿ ಹಾಕಿಸಿಕೊಂಡರು, ಆಯಿ ಕೊಟ್ಟ ಚಹಾ ಕುಡಿದರು. "ಕೆನ್ಯಾದಲ್ಲಿ ಏನು ಕೆಲಸ?" ಎಂದು ಕೇಳಿ, ಶಾಲೆ ಕಟ್ಟುವುದು ಎಂದಾಗ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಪಾಸ್‌ಪೋರ್ಟ್ ಬಂದ ಮೇಲೆ ಮತ್ತೆ ಪೊಲೀಸ್ ಕ್ಲಿಯರೆನ್ಸ್ ಪತ್ರಕ್ಕೆ (ನಮ್ಮ ಮೇಲೆ ಅಪರಾಧದ ದಾಖಲೆ ಇಲ್ಲ ಎನ್ನುವ ಪತ್ರ) ಅರ್ಜಿ. ಅದರ ಶುಲ್ಕ ₹500. ಮಕ್ಕಳಿರುವ ಜಾಗದಲ್ಲಿ ಕೆಲಸ ಮಾಡುವವರಿಂದ ಆ ಹಳ್ಳಿಯ ಸಮಿತಿ ಈ ಪತ್ರ ಕೇಳುತ್ತದೆ. ಅದನ್ನು ಕೇಳದ ಸಂಸ್ಥೆಯ ಬಗ್ಗೆ ನೀವೇ ಅನುಮಾನ ಪಡಬೇಕು.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರುತ್ತೇನೆ. ಕೆನ್ಯಾ 2024ರ ಜನವರಿಯಿಂದ ಹಳೆಯ ವೀಸಾ ಪದ್ಧತಿ ತೆಗೆದು ಇಟಿಎ ಎಂಬ ಆನ್‌ಲೈನ್ ಪ್ರಯಾಣ ಅನುಮತಿಯನ್ನು ತಂದಿದೆ. ಅರ್ಜಿ ಹಾಕುವುದು ಸುಲಭ, ಶುಲ್ಕ 30 ಡಾಲರ್‌ನ ಆಸುಪಾಸು. ಆದರೆ ಪ್ರವಾಸಿಯಾಗಿ ಪಡೆದ ಇಟಿಎ ಹಿಡಿದು ಕಟ್ಟಡದ ಕೆಲಸಕ್ಕೆ ನಿಲ್ಲುವಂತಿಲ್ಲ. ಸಂಬಳವಿಲ್ಲದಿದ್ದರೂ ಕೆಲಸ ಕೆಲಸವೇ. "ಯಾರೂ ಕೇಳುವುದಿಲ್ಲ, ಪ್ರವಾಸ ಎಂದು ಹಾಕಿ" ಎಂದು ನನಗೆ ಹೇಳಿದವರಿದ್ದಾರೆ. ಸಿಕ್ಕಿಬಿದ್ದರೆ ದಂಡ, ಗಡೀಪಾರು ನಮಗೆ. ಕರೆಸಿಕೊಂಡ ಹಳ್ಳಿಯವರಿಗೂ ತೊಂದರೆ. ಸಮಿತಿಯ ಜೊತೆ ಕೈಜೋಡಿಸಿದ ಅಲ್ಲಿನ ಸಣ್ಣ ಸಂಸ್ಥೆ ನನ್ನ ಪರವಾಗಿ ವಲಸೆ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಅಲ್ಪಾವಧಿಯ ವಿಶೇಷ ಪಾಸ್‌ಗೆ ಅರ್ಜಿ ಹಾಕಿತು. ಅದನ್ನು ನಾವು ಇಲ್ಲಿಂದ ಹಾಕಲು ಆಗುವುದಿಲ್ಲ, ಕರೆಸುವವರೇ ಹಾಕಬೇಕು. ನನ್ನಿಂದ ಪಾಸ್‌ಪೋರ್ಟ್ ಪ್ರತಿ, ಭಾವಚಿತ್ರ, ಡಿಪ್ಲೊಮಾ ಪ್ರಮಾಣಪತ್ರ, ಅನುಭವ ಪತ್ರ, ಪೊಲೀಸರ ಪತ್ರ ಕೇಳಿದರು.

ಆಮೇಲೆ ಕಾಯುವ ಕಾಲ. ನವರಾತ್ರಿ ಕಳೆಯಿತು, ದೀಪಾವಳಿ ಕಳೆಯಿತು. ಗುತ್ತಿಗೆದಾರರು "ರಜೆ ಯಾವಾಗಿನಿಂದ ಎಂದು ಖಚಿತ ಹೇಳು, ಬೇರೆಯವರನ್ನು ನೋಡಬೇಕು" ಎನ್ನುತ್ತಿದ್ದರು. ಆಯಿ ಹೇಳದೆ ಹೇಳುತ್ತಿದ್ದುದು ಮದುವೆಯ ಮಾತು. ನೋಡಲು ಬರಬೇಕಿದ್ದವರು ಕೆನ್ಯಾದ ಸುದ್ದಿ ಕೇಳಿ ಮುಂದೂಡಿದ್ದರು. ರಾತ್ರಿ ಮಲಗುವ ಮುನ್ನ ಮೊಬೈಲ್ ನೋಡುವುದು, ಏನೂ ಬಂದಿಲ್ಲವೆಂದು ಕೆಳಗಿಡುವುದು. ಅಪ್ಪ ಮಾತ್ರ ಒಂದು ದಿನ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ತಮ್ಮ ಹಳೆಯ ತೂಗುಗುಂಡನ್ನು ಒರೆಸಿ ನನ್ನ ಚೀಲದ ಪಕ್ಕ ಇಟ್ಟರು. "ಪಾಸ್ ಬರುತ್ತದೆ. ಇದು ಇರಲಿ" ಎಂದರು. ಅವರು ಆ ವಿಷಯದಲ್ಲಿ ಆಡಿದ್ದು ಅಷ್ಟೇ ಮಾತು. ನನಗೆ ಅದು ಸಾಕಾಯಿತು. ಕೊನೆಗೆ ಅನುಮತಿ ಬಂದದ್ದು ಡಿಸೆಂಬರ್‌ನಲ್ಲಿ. ಅದು ಕೈಗೆ ಬರುವವರೆಗೆ ವಿಮಾನದ ಟಿಕೆಟ್ ತೆಗೆಯಬೇಡಿ.

ಹಳದಿ ಜ್ವರದ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಕಾರವಾರ, ಅಂಕೋಲಾ ಕಡೆಯವರಿಗೆ ಹತ್ತಿರವಾಗುವುದು ಗೋವಾದ ಮರ್ಮಗೋವಾ ಬಂದರಿನ ಆರೋಗ್ಯ ಕಚೇರಿ. ಕೊಂಕಣ ರೈಲಿನಲ್ಲಿ ಮಡಗಾಂವ್‌ಗೆ ಹೋಗಿ ಅಲ್ಲಿಂದ ವಾಸ್ಕೋಗೆ ಬಸ್ ಹಿಡಿದೆ. ಮೊದಲೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಬೇಕು. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ, ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಆದ್ದರಿಂದ ಜನರನ್ನು ಒಟ್ಟುಗೂಡಿಸಿ ಕೊಡುತ್ತಾರೆ. ಅಸಲಿ ಪಾಸ್‌ಪೋರ್ಟ್ ಬೇಕೇ ಬೇಕು, ಅದರ ಸಂಖ್ಯೆಯನ್ನೇ ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕದಲ್ಲಿ ಬರೆಯುತ್ತಾರೆ. ಮೊಟ್ಟೆ ಒಗ್ಗದವರು, ಗರ್ಭಿಣಿಯರು ವೈದ್ಯರಿಗೆ ಮೊದಲೇ ಹೇಳಬೇಕು. ಲಸಿಕೆ ಹಾಕಿಸಿಕೊಂಡು 10 ದಿನ ಕಳೆದ ಮೇಲೆ ಮಾತ್ರ ಪ್ರಮಾಣಪತ್ರ ಮಾನ್ಯ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಇದು ಹೋಗುವಾಗಿನದಕ್ಕಿಂತ ಮರಳುವಾಗ ಮುಖ್ಯ. ಕೆನ್ಯಾದಿಂದ ಬರುವವರ ಬಳಿ ಈ ಪುಸ್ತಕವಿಲ್ಲದಿದ್ದರೆ ಮುಂಬೈಯಲ್ಲಿ ಇಳಿದ ಕೂಡಲೇ ಪ್ರತ್ಯೇಕ ವಾಸಕ್ಕೆ ಹಾಕಬಹುದು.

ಅಲ್ಲಿನ ಸಾಲಿನಲ್ಲಿ ನನ್ನ ಹಿಂದೆ ಮುಂದೆ ಇದ್ದವರೆಲ್ಲ ಹಡಗಿನ ಹುಡುಗರು. ವಾಸ್ಕೋ ಎಂಬ ಊರಿನ ಹೆಸರು, ನಾನು ಹೋಗಬೇಕಾದ ಕರಾವಳಿ, ನಮ್ಮ ಕಾರವಾರದೆದುರಿನ ಅಂಜುದೀವ್ ದ್ವೀಪ ಇವೆಲ್ಲ ಒಂದೇ ದಾರಿಯಲ್ಲಿವೆ ಎಂದು ಕಾಯುತ್ತಾ ಕುಳಿತಾಗ ಹೊಳೆಯಿತು. 1498ರಲ್ಲಿ ವಾಸ್ಕೋ ಡ ಗಾಮ ದಾರಿ ತೋರಿಸುವವನನ್ನು ಕರೆದುಕೊಂಡು ಹೊರಟದ್ದು ಮಲಿಂದಿಯಿಂದ, ಮರಳುವಾಗ ತಂಗಿದ್ದು ಅಂಜುದೀವ್‌ನಲ್ಲಿ. ಮಲಿಂದಿ ಇರುವುದು ಕಿಲಿಫಿ ಕೌಂಟಿಯಲ್ಲೇ.

ಇಟಿಎ ಅರ್ಜಿಗೆ ಕೂತಾಗ ಜಾಗ್ರತೆಯಿರಲಿ. ಹುಡುಕಿದರೆ ಮೊದಲು ಕಾಣಿಸುವುದು ಸರ್ಕಾರದ್ದೇ ಎನ್ನುವಂತೆ ತೋರುವ ಖಾಸಗಿ ತಾಣಗಳು. ಅವು ಹಲವು ಪಟ್ಟು ಹಣ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಕೆನ್ಯಾ ಸರ್ಕಾರದ ಗುರುತು ಇದೆಯೇ ಎಂದು ನೋಡಿಯೇ ಮುಂದುವರಿಯಿರಿ. ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ಪಾವತಿಗೆ ಮೊದಲೇ ಅನುಮತಿ ಕೊಟ್ಟಿರಬೇಕು. ಡಾಲರ್ ನೋಟಿಗೆ ನಮ್ಮ ಶಾಖೆಯಲ್ಲಿ "ಹುಬ್ಬಳ್ಳಿಯಿಂದ ತರಿಸಬೇಕು" ಎಂದರು. ಆ 'ತರಿಸುವುದು' ಎಳೆದು ಎಳೆದು ಹೊರಡುವ ವಾರಕ್ಕೆ ಬಂತು. ಹೊಸ, ಮಡಿಕೆಯಿಲ್ಲದ ನೋಟುಗಳನ್ನೇ ಕೇಳಿ ಪಡೆಯಿರಿ. ಹಳೆಯವನ್ನು ಅಲ್ಲಿ ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ.

ಮಲೇರಿಯಾ ತಡೆಗೆ ವೈದ್ಯರು ದಿನಕ್ಕೊಂದು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು. ನಾನು ಇದನ್ನು ಬರೆಯುವಾಗಲೂ ನುಂಗುತ್ತಿದ್ದೇನೆ. ಅದರಿಂದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಬಯಲಲ್ಲಿ ಕೆಲಸ ಮಾಡುವವರಿಗೆ ತುಂಬುತೋಳಿನ ಅಂಗಿ ಬೇಕು.

ಚೀಲ ಕಟ್ಟುವಾಗ ಇನ್ನೊಂದು ವಿಷಯ. ಕೆನ್ಯಾ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ, ದಂಡವೂ ಭಾರಿ. ಆಯಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನು, ಕೋಕಂ ಸಿಪ್ಪೆಯನ್ನು, ಚಪ್ಪಲಿಯನ್ನು ಎಲ್ಲವನ್ನೂ ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದರು. ಎಲ್ಲ ಬಿಚ್ಚಿ ಡಬ್ಬಿಗೆ, ಬಟ್ಟೆಯ ಚೀಲಕ್ಕೆ ತುಂಬಿದೆವು.

ಜನವರಿಯಲ್ಲಿ ಮತ್ಸ್ಯಗಂಧಾ ರೈಲಿನಲ್ಲಿ ಮುಂಬೈಗೆ, ಅಲ್ಲಿಂದ ನೈರೋಬಿಗೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ವಲಸೆ ಕೌಂಟರಿನಲ್ಲಿ ಪಾಸಿನ ಅನುಮತಿ ಪತ್ರದ ಮುದ್ರಿತ ಪ್ರತಿಯನ್ನು ನೋಡಿ, ಎಲ್ಲಿ ಉಳಿಯುತ್ತೀರಿ, ಯಾರು ಕರೆಸಿದ್ದಾರೆ ಎಂದು ಕೇಳಿ ಬಿಟ್ಟರು. ಮೊಬೈಲಿನಲ್ಲಿ ಇದ್ದರೆ ಸಾಕೆಂದುಕೊಳ್ಳದೆ ಎಲ್ಲವನ್ನೂ ಮುದ್ರಿಸಿಕೊಂಡು ಹೋಗಿ.

ಮರುದಿನ ನೈರೋಬಿಯಿಂದ ಮೊಂಬಾಸಾಗೆ ರೈಲು. ಸಾಮಾನ್ಯ ದರ್ಜೆಗೆ 1,500 ಶಿಲಿಂಗ್. ಟಿಕೆಟ್ ಹಣವನ್ನು ಎಂ-ಪೆಸಾ ಎಂಬ ಮೊಬೈಲ್ ಪಾವತಿಯಿಂದ ಕಟ್ಟಬೇಕಾದ್ದರಿಂದ ಸಂಸ್ಥೆಯವರೇ ತೆಗೆದಿಟ್ಟಿದ್ದರು. ಪಾಸ್‌ಪೋರ್ಟ್ ತೋರಿಸಿ ಸಿಮ್ ಪಡೆದ ದಿನವೇ ಎಂ-ಪೆಸಾ ಮಾಡಿಸಿಕೊಳ್ಳಿ, ತರಕಾರಿ ಮಾರುವ ಅಜ್ಜಿಯೂ ಅದನ್ನೇ ಕೇಳುತ್ತಾಳೆ. ನಿಲ್ದಾಣದಲ್ಲಿ ಪ್ರಯಾಣಿಕರೆಲ್ಲ ಚೀಲಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಹಿಂದೆ ಸರಿದು ನಿಲ್ಲಬೇಕು, ನಾಯಿಗಳು ಮೂಸಿ ನೋಡುತ್ತವೆ. ಅಪ್ಪೆಮಿಡಿಯ ಡಬ್ಬಿಯ ಬಳಿ ನಾಯಿ ನಿಂತಾಗ ನನ್ನ ಎದೆ ಹೊಡೆದುಕೊಂಡಿತು. ಅದು ಮುಂದೆ ಹೋಯಿತು. ದಾರಿಯಲ್ಲಿ ತ್ಸಾವೊ ಕಾಡು. ಅಲ್ಲಿನ ಮಣ್ಣು ಮೈಗೆ ಎರಚಿಕೊಂಡು ಕೆಂಪಾಗಿರುವ ಆನೆಗಳು ಕಿಟಕಿಯಿಂದ ಕಂಡವು. ಇದೇ ದಾರಿಯಲ್ಲಿ ಹಳೆಯ ರೈಲು ಹಳಿ ಹಾಕಲು 1896ರಿಂದ 1901ರ ನಡುವೆ ಬ್ರಿಟಿಷರು ಸುಮಾರು 32,000 ಭಾರತೀಯ ಕೂಲಿಗಳನ್ನು ಕರೆತಂದಿದ್ದರು. ಸುಮಾರು 2,500 ಮಂದಿ ಇಲ್ಲೇ ಸತ್ತರು. ಅಪ್ಪನಂಥ ಗೌಂಡಿಗಳು ಅವರಲ್ಲಿ ಎಷ್ಟು ಜನರಿದ್ದರೋ ಎಂದುಕೊಂಡು ಹೊರಗೆ ನೋಡುತ್ತಾ ಕುಳಿತೆ.

ಮೊಂಬಾಸಾದಿಂದ ಕಿಲಿಫಿ ಸುಮಾರು 60 ಕಿಲೋಮೀಟರ್. ಮಟಾಟು ಎನ್ನುವ ವ್ಯಾನಿನಲ್ಲಿ ತೆಂಗಿನ ತೋಟ, ಗೇರು, ಮಾವು ನೋಡುತ್ತಾ ಹೋಗುವಾಗ ಪರದೇಶಕ್ಕೆ ಬಂದಿದ್ದೇನೆಂದು ಅನಿಸಲೇ ಇಲ್ಲ. ನನ್ನನ್ನು ಉಳಿಸಿಕೊಂಡದ್ದು ಶಾಲೆಯ ಶಿಕ್ಷಕಿಯೊಬ್ಬರ ಮನೆ. ಅವರ ಅಡುಗೆಮನೆಯಲ್ಲಿ ಕಾಯಿ ತುರಿಯಲು ಮಡಿಸುವ ಪುಟ್ಟ ಮರದ ಮಣೆ, ಅದರ ಮೂತಿಗೆ ಹಲ್ಲಿನ ಕಬ್ಬಿಣ. ಅದರ ಮೇಲೆ ಕುಳಿತು ತುರಿದು ಕೊಟ್ಟಾಗ ಮನೆಯ ಅಜ್ಜಿ ನನ್ನ ಕೈ ಹಿಡಿದು ನೋಡಿದರು. ಮರುದಿನದಿಂದ ಆ ಕೆಲಸ ನನ್ನದಾಯಿತು. ಕಾಯಿಹಾಲಿನಲ್ಲಿ ಬೆಂದ ಅನ್ನ, ಕಾಯಿಹಾಲು ಹಾಕಿದ ತೊಗರಿಕಾಳು, ಹರಿವೆ ಸೊಪ್ಪು ಎಲ್ಲ ಇದ್ದುದರಿಂದ ಸಸ್ಯಾಹಾರಿಗಳಿಗೂ ಕಷ್ಟವಿಲ್ಲ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಎಂಬ ಮುದ್ದೆ ರೂಢಿಯಾಗಲು ಸ್ವಲ್ಪ ಸಮಯ ಬೇಕು. ಹಿರಿಯರು ಎದುರಾದರೆ ಮೊದಲು "ಶಿಕಾಮೋ" ಎಂದು ನಮಸ್ಕರಿಸಬೇಕು, ಆಮೇಲೆ ಉಳಿದ ಮಾತು. ಸಮಯ ಹೇಳುವಾಗ ಅಲ್ಲಿನವರು ಸೂರ್ಯೋದಯದಿಂದ ಎಣಿಸುತ್ತಾರೆ. ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ಲಾರಿ "ಎರಡು ಗಂಟೆಗೆ" ಬರುತ್ತದೆಂದರೆ ಬೆಳಿಗ್ಗೆ ಎಂಟಕ್ಕೇ ಅಲ್ಲಿರಬೇಕು.

ಕೆಲಸದ ಜಾಗದಲ್ಲಿ ಮೊದಲ ತೊಡಕು ಮಣ್ಣಿನದು. ಶಾಲೆಯ ಹಿಂದಿನ ಮಣ್ಣಿನಲ್ಲಿ ಜೇಡಿ ಹೆಚ್ಚು. ಪರೀಕ್ಷೆಗೆ 60 ಸೆಂಟಿಮೀಟರ್ ಉದ್ದದ ಕಿರಿದಾದ ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಎಣ್ಣೆ ಸವರಿ, ಹಸಿಮಣ್ಣು ಒತ್ತಿ ತುಂಬಿ ನೆರಳಿನಲ್ಲಿ ಇಟ್ಟೆವು. ಒಣಗಿದ ಮೇಲೆ ಹಿರಿಯ ಫುಂಡಿಯೊಬ್ಬರು (ಗೌಂಡಿ, ಬಡಗಿ, ಮೆಕ್ಯಾನಿಕ್ ಎಲ್ಲರಿಗೂ ಅಲ್ಲಿ ಫುಂಡಿ ಎನ್ನುತ್ತಾರೆ) ಬಿರಿದ ತುಂಡುಗಳನ್ನೆಲ್ಲ ಬೆರಳಿನಿಂದ ತಳ್ಳಿ ಒಂದು ತುದಿಗೆ ಕೂಡಿಸಿದರು. ಉಳಿದ ಖಾಲಿ ಜಾಗದಲ್ಲಿ ತಮ್ಮ ಹೆಬ್ಬೆರಳನ್ನು ಅಡ್ಡ ಇಟ್ಟರು. ಎರಡು ಹೆಬ್ಬೆರಳಿಗೂ ಮಿಕ್ಕಿ ಖಾಲಿ ಇತ್ತು. ಅವರು ಏನೂ ಹೇಳದೆ ನನ್ನತ್ತ ನೋಡಿದರು. ಹೆಚ್ಚು ಕುಗ್ಗುವ ಮಣ್ಣಿಗೆ ಹೆಚ್ಚು ಸಿಮೆಂಟ್ ಬೇಕು, ಸಮಿತಿಯ ಬಳಿ ಅಷ್ಟು ಹಣವಿರಲಿಲ್ಲ.

ಒಳ್ಳೆಯ ಮಣ್ಣು ಇದ್ದದ್ದು ಊರಾಚೆಯ ಕಾಯಾದ ಅಂಚಿನಲ್ಲಿ. ಕಾಯಾಗಳು ಮಿಜಿಕೆಂಡ ಜನರ ಪವಿತ್ರ ಕಾಡುಗಳು, ಕೆಲವು 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಕಾಡಿನ ಹಿರಿಯರು ಅಲ್ಲಿ ಅಗೆಯಲು ಒಪ್ಪಲಿಲ್ಲ. ಸಮಿತಿಯ ಯುವಕರು ನಾನು ಬೇಸರಪಟ್ಟೆನೇನೋ ಎಂದು ಅಂಜಿ ಸಮಜಾಯಿಷಿ ಹೇಳತೊಡಗಿದರು. ನಮ್ಮ ದೇವರಕಾಡಿನಲ್ಲಿ ಬಿದ್ದ ಒಣಕೊಂಬೆಯನ್ನೂ ಒಲೆಗೆ ತರುವುದಿಲ್ಲ ಎಂದು ನಾನು ಹೇಳಿದ ಮೇಲೆ ಮಾತು ಸುಲಭವಾಯಿತು. ಕೊನೆಗೆ ಹಿರಿಯರೇ ದೂರದ ಒಂದು ಹೊಲ ತೋರಿಸಿದರು. ಮೇಲ್ಮಣ್ಣು ತೆಗೆದು ಕೆಳಗಿನ ಕೆಂಪು ಮಣ್ಣಿಗೆ ಮರಳು ಬೆರೆಸಿದಾಗ ಕುಗ್ಗುವುದು ಹಿಡಿತಕ್ಕೆ ಬಂತು. ಲಾರಿ ಬಾಡಿಗೆ ಮಾತ್ರ ಲೆಕ್ಕ ಮೀರಿತು.

ಎರಡನೆಯದು ನೀರು. ಶಾಲೆಯ ಬಾವಿಯ ನೀರು ನಾಲಗೆಗೇ ಉಪ್ಪು. ಕಬ್ಬಿಣ ಹಾಕುವ ಕಾಂಕ್ರೀಟಿಗೆ ಉಪ್ಪುನೀರು ಬಳಸಿದರೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ, ಕೆಲವೇ ವರ್ಷಗಳಲ್ಲಿ ಬಿರುಕು ಬಿಡುತ್ತದೆ. ನಮ್ಮ ಕರಾವಳಿಯಲ್ಲಿ ಇಂಥ ಕಟ್ಟಡಗಳನ್ನು ಎಷ್ಟೋ ನೋಡಿದ್ದೇನೆ. ಆದ್ದರಿಂದ ರಿಂಗ್ ಬೀಮಿಗೆ (ಗೋಡೆಗಳ ತಲೆಯ ಮೇಲೆ ಸುತ್ತಲೂ ಹಾಕುವ ಕಾಂಕ್ರೀಟ್ ಪಟ್ಟಿಗೆ) ಸಿಹಿನೀರೇ ಬೇಕೆಂದು ಪಟ್ಟು ಹಿಡಿದೆ. ಬೈಕಿನ ಹಿಂದೆ 20 ಲೀಟರಿನ ಕ್ಯಾನುಗಳನ್ನು ಕಟ್ಟಿಕೊಂಡು ಬಂದು ಮಾರುವವರಿಂದ ಕೊಂಡೆವು. ಹೆಂಗಸರು ಕುಡಿಯಲು ದೂರದಿಂದ ಹೊತ್ತು ತರುವ ನೀರಿನ ಊರಿನಲ್ಲಿ ಇಟ್ಟಿಗೆಗೆ ನೀರು ಚಿಮುಕಿಸುವಾಗ ಪ್ರತಿ ತಂಬಿಗೆಗೂ ಸಂಕಟವಾಗುತ್ತಿತ್ತು. ಒತ್ತಿದ ಇಟ್ಟಿಗೆಯನ್ನು ಒಂದು ವಾರವಾದರೂ ನೆರಳಲ್ಲಿ ಹಸಿಯಾಗಿ ಇಡಲೇಬೇಕು. ತೆಂಗಿನ ಮಡಲು, ಹಳೆಯ ಗೋಣಿ ಹೊದೆಸಿ ನೀರು ಉಳಿಸಿದೆವು.

ಫುಂಡಿಗಳಿಗೆ ಮೊದಮೊದಲು ನನ್ನ ಮೇಲೆ ವಿಶ್ವಾಸವಿರಲಿಲ್ಲ. ಅವರು ಹವಳದ ಕಲ್ಲನ್ನು ಗರಗಸದಿಂದ ಕೊಯ್ದು ಕಟ್ಟುವುದರಲ್ಲಿ ಪಳಗಿದವರು. ಮಣ್ಣಿನ ಇಟ್ಟಿಗೆ ಬಂದರೆ ತಮ್ಮ ಕೆಲಸ ಹೋಗುತ್ತದೆಂಬ ಭಯ ಅವರಿಗಿತ್ತು. ಆ ಭಯ ಸಹಜ. ಇಟ್ಟಿಗೆ ಒತ್ತುವುದಕ್ಕೂ ಗೋಡೆ ಏಳಿಸುವುದಕ್ಕೂ ಅವರಿಗೇ ಕೂಲಿ, ಮಣ್ಣು ಜರಡಿ ಹಿಡಿಯುವುದು, ಸಾಗಿಸುವುದು ಊರವರ ಶ್ರಮದಾನ ಎಂದು ಸಮಿತಿ ಸಭೆಯಲ್ಲೇ ಬರೆದು ಓದಿತು. ಅವರಲ್ಲಿ ಹರಂಬೆ ಎಂಬ ಕೂಡಿ ದುಡಿಯುವ ಪದ್ಧತಿ ಮೊದಲಿನಿಂದಲೂ ಇದೆ, ಮಲೆನಾಡಿನ ಮುಯ್ಯಾಳಿನ ಹಾಗೆ. ಅಪ್ಪನ ತೂಗುಗುಂಡನ್ನು ಹೊರತೆಗೆದ ದಿನ ಹಿರಿಯ ಫುಂಡಿ ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಯಾರದೆಂದು ಕೇಳಿದರು. ಹೇಳಿದೆ. ಅಂದಿನಿಂದ ನನ್ನ ಮಾತಿಗೆ ಅವರು ಕಿವಿಗೊಟ್ಟರು, ನಾನೂ ಅವರಿಂದ ಕಲಿತೆ. ಹವಳದ ಕಲ್ಲಿನ ಅಡಿಪಾಯಕ್ಕೆ ಸುಣ್ಣದ ಗಾರೆ ಹಾಕುವ ಅವರ ವಿಧಾನ ನನಗೆ ಗೊತ್ತಿರಲಿಲ್ಲ.

ಟ್ಯಾಂಕಿನ ಲೆಕ್ಕವನ್ನು ನಾನು ಹಲಗೆಯ ಮೇಲೆ ಮಕ್ಕಳ ಎದುರೇ ಬಿಡಿಸಿ ತೋರಿಸಿದೆ. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಕೊಠಡಿಯ ತಗಡಿನ ಚಾವಣಿ 60 ಚದರ ಮೀಟರ್, ಅಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆ. ಸೋರಿಕೆ, ಆವಿ ಕಳೆದು ನೂರಕ್ಕೆ 80 ಪಾಲು ಹಿಡಿದರೂ 48,000 ಲೀಟರ್. ಕಾರವಾರದಲ್ಲಿ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ ಎಂದಾಗ ಒಬ್ಬ ಹುಡುಗಿ, ಅಷ್ಟು ನೀರನ್ನು ನೀವು ಎಲ್ಲಿ ಇಡುತ್ತೀರಿ ಎಂದು ಕೇಳಿದಳು. ಬಹುಪಾಲು ಸಮುದ್ರಕ್ಕೆ ಹೋಗುತ್ತದೆ ಎಂದೆ. ಹಾಗೆ ಹೇಳಲು ನಾಚಿಕೆಯಾಯಿತು.

ಫೆಬ್ರವರಿಯ ಬಿಸಿಲಲ್ಲಿ ಒಮ್ಮೆ ಜ್ವರ ಬಂತು. ಜ್ವರ ಬಂದರೆ ಕಾಯಬೇಡಿ, ಅಂದೇ ಔಷಧಾಲಯಕ್ಕೆ ಹೋಗಿ ಬೆರಳ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿ. ನನಗೆ ಮಲೇರಿಯಾ ಇರಲಿಲ್ಲ, ಬಿಸಿಲಿನ ಆಯಾಸವಷ್ಟೇ. ಮಾರ್ಚ್ ಆರಂಭದಲ್ಲಿ ರಂಜಾನ್ ಬಂತು. ಉಪವಾಸವಿದ್ದ ಕೆಲಸಗಾರರಿಗಾಗಿ ಬೆಳಗಿನ ಜಾವ ಶುರುಮಾಡಿ ಮಧ್ಯಾಹ್ನಕ್ಕೆ ನಿಲ್ಲಿಸಿದೆವು. ಮಾರ್ಚ್ ಕೊನೆಯಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆಗಾಲ. ಅದರೊಳಗೆ ಚಾವಣಿ ಏರಬೇಕಿತ್ತು, ಏರಿತು. ಆದರೆ ಯೋಜನೆಯಲ್ಲಿದ್ದ ಎರಡನೇ ಕೊಠಡಿಯ ಗೋಡೆ ಕಿಟಕಿಯ ಮಟ್ಟದಲ್ಲೇ ನಿಂತಿತು. ಲಾರಿಗೆ, ನೀರಿಗೆ ಹೋದ ಹಣವೇ ಕಾರಣ. ಅರ್ಧ ಗೋಡೆಯನ್ನು ಬಿಟ್ಟು ಬರುವುದು ಗೌಂಡಿಯ ಮಗಳಿಗೆ ಸುಲಭವಾಗಿರಲಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ: ಹೋಗಿಬರುವ ವಿಮಾನಕ್ಕೆ ₹50,000ದ ಆಸುಪಾಸು. ಪಾಸ್‌ಪೋರ್ಟ್, ಲಸಿಕೆ, ಔಷಧ, ವಿಮೆ, ಇಟಿಎ, ಹುಬ್ಬಳ್ಳಿ ಗೋವಾ ಓಡಾಟ ಸೇರಿ ₹20,000ಕ್ಕೆ ಹತ್ತಿರ. ವಿಶೇಷ ಪಾಸಿನ ಶುಲ್ಕವನ್ನು ಸಂಸ್ಥೆ ಮತ್ತು ನಾನು ಅರ್ಧರ್ಧ ಹಂಚಿಕೊಂಡೆವು. ಉಳಿದುಕೊಂಡ ಮನೆಗೆ ತಿಂಗಳಿಗಿಷ್ಟೆಂದು ಮೊದಲೇ ಮಾತಾಡಿ ಕೊಟ್ಟೆ. ಅವರು ಬೇಡವೆಂದರೂ ಕೊಡಬೇಕು, ನಮ್ಮ ಊಟದ ಭಾರ ಅವರ ಮೇಲೆ ಬೀಳಬಾರದು. ಇದೆಲ್ಲಕ್ಕಿಂತ ದೊಡ್ಡದು ಸಂಬಳವಿಲ್ಲದ ರಜೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಯಾರೂ ಹೊರಡಬೇಡಿ. ಮರಳುವಾಗ ಮುಂಬೈ ವಿಮಾನ ನಿಲ್ದಾಣದಲ್ಲಿ ಮೊದಲು ಕೇಳಿದ್ದು ಹಳದಿ ಪುಸ್ತಕವನ್ನೇ.

ಕಳೆದ ವಾರ ಶಿಕ್ಷಕಿ ಫೋನ್ ಮಾಡಿದ್ದರು. ಮೊದಲ ಜೋರು ಮಳೆಗೆ ಟ್ಯಾಂಕಿನಲ್ಲಿ ಮೊಣಕಾಲಿನ ಮಟ್ಟ ನೀರು ನಿಂತಿದೆ, ನಲ್ಲಿಯ ಬುಡದಲ್ಲಿ ಮಾತ್ರ ಜಿನುಗುತ್ತಿದೆ. ಹಿರಿಯ ಫುಂಡಿ ಚಿತ್ರ ಕಳಿಸಿದರು. ಆ ಭಾಗದ ಗಾರೆ ಕೆತ್ತಿ, ಪೈಪಿನ ಸುತ್ತ ಮತ್ತೆ ಜಲನಿರೋಧಕ ಸಿಮೆಂಟ್ ತುಂಬಲು ಹೇಳಿದ್ದೇನೆ. ಎರಡನೇ ಕೊಠಡಿಗೆ ಮಳೆ ನಿಂತ ಮೇಲೆ, ಜುಲೈ ಹೊತ್ತಿಗೆ ಕೈ ಹಾಕುತ್ತಾರೆ. ಈ ಬಾರಿ ಅವರು ಕೇಳುತ್ತಿರುವುದು ಸೌರ ವಿದ್ಯುತ್ತಿನ ವೈರಿಂಗ್ ಗೊತ್ತಿದ್ದು ಅಲ್ಲಿನ ಇಬ್ಬರು ಹುಡುಗರಿಗೆ ಕಲಿಸಬಲ್ಲವರನ್ನು. ನಮ್ಮ ಜಿಲ್ಲೆಯ ಐಟಿಐ ಮುಗಿಸಿದವರಲ್ಲಿ ಯಾರಿಗಾದರೂ ಮನಸ್ಸಿದ್ದರೆ ಹೆಸರು ತಿದ್ದಿಸುವ ಕೆಲಸವನ್ನು ಈ ತಿಂಗಳೇ ಶುರುಮಾಡಿ. ಪಾಸಿಗೆ ಹಿಡಿಯುವ ಸಮಯ ನೋಡಿದರೆ ಜುಲೈ ದೂರವಿಲ್ಲ.